ಸೀಟಿದ್ದೂ ನಿಂತವರು

ಡೊಂಬಿವಲಿಯಲ್ಲಿ ಮನೆ ಮಾಡಿದವರಿಗೆ ರೈಲಿನ ಸೀಟಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಜಲಜಾಕ್ಷಿ ಹದಿನೇಳು ವರ್ಷಗಳಿಂದ ಬೆಳಗಿನ ಆರೂಕಾಲರ ಲೋಕಲ್ ಹಿಡಿದು ಠಾಣೆಯ ಕನ್ನಡ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದವಳು. ಅಷ್ಟು ವರ್ಷಗಳಲ್ಲಿ, ಕಣ್ಣೆದುರು ಖಾಲಿ ಸೀಟಿದ್ದೂ ಕುಳಿತುಕೊಳ್ಳದ ಒಂದು ನರಪಿಳ್ಳೆಯನ್ನೂ ಅವಳು ಕಂಡವಳಲ್ಲ. ಹೀಗಿರುವಾಗ ಮಾವ ಚೆನ್ನಯನವರ ಟ್ರಾಮಿನ ಕಥೆಯನ್ನು ಆ ಮನೆಯಲ್ಲಿ ನಂಬುವವರು ಯಾರು?

ಚೆನ್ನಯನವರು ಉಡುಪಿ ಕಡೆಯವರು. ನಾರ್ವೆ ದೇಶದ ಸರಕು ಹಡಗಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ, ಈಗ ಎಪ್ಪತ್ತಾರರಲ್ಲಿ ಮಗನ ಮನೆಯ ಬಾಲ್ಕನಿಯಲ್ಲಿ ಬಸಳೆ ಬೆಳೆಸಿಕೊಂಡು ಕುಳಿತಿದ್ದರು. ಹಡಗಿನಿಂದ ಅವರು ತಂದದ್ದು ಎರಡೇ. ಒಂದು ದಪ್ಪ ಉಣ್ಣೆಯ ಸ್ವೆಟರು; ಡೊಂಬಿವಲಿಯ ಸೆಕೆಯಲ್ಲಿ ಅದರಿಂದ ಉಪಯೋಗವಿಲ್ಲ. ಇನ್ನೊಂದು, ಹಡಗಿನ ಊಟ-ಉಗ್ರಾಣ ನೋಡುವ ಸ್ಟೀವರ್ಡ್, ಏನಾರ್ ಎಂಬ ನಾರ್ವೆಯವ, ಬಟಾಟೆ ಸುಲಿಯುತ್ತಾ ಹೇಳಿದ ತನ್ನ ಬಾಲ್ಯದ ಕಥೆಗಳು. ಅವುಗಳಿಂದಲೂ ಉಪಯೋಗವಿಲ್ಲ ಎಂಬುದು ಅತ್ತೆ ದಮಯಂತಿಯವರ ಖಚಿತ ಅಭಿಪ್ರಾಯ.

೨೦೧೧ರ ಫೆಬ್ರವರಿ, ಒಂದು ಬುಧವಾರ. ನೆರೂಳಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಜಲಜಾಕ್ಷಿಯ ಗಂಡ ವಸಂತಕುಮಾರನಿಗೆ ಅದು ವಾರದ ರಜೆ. ಹಾಗಾಗಿ ಐವರೂ ಒಟ್ಟಿಗೆ ಮಧ್ಯಾಹ್ನದ ಊಟಕ್ಕೆ ಕುಳಿತಿದ್ದರು. ಕುಚ್ಚಲಕ್ಕಿ ಅನ್ನ, ಹುಳಿಖಾರದ ಬಂಗುಡೆ ಮೀನಿನ ಪುಳಿಮುಂಚಿ.

“ಎರಡನೇ ಮಹಾಯುದ್ಧದ ಕಾಲ. ಜರ್ಮನಿಯ ಸೈನ್ಯ ಬಂದು ನಾರ್ವೆ ದೇಶ ನುಂಗಿ ಕೂತಿತ್ತು. ಒಂದಲ್ಲ ಎರಡಲ್ಲ, ಐದು ವರ್ಷ,” ಎಂದು ಚೆನ್ನಯನವರು ಶುರುಮಾಡಿದರು. “ಟ್ರಾಮಿನಲ್ಲಿ ಜರ್ಮನ್ ಸಿಪಾಯಿ ಬಂದು ಕೂತ್ರೆ ಸಾಕು, ಪಕ್ಕದ ನಾರ್ವೆಯವ ಎದ್ದು ನಿಲ್ತಿದ್ದ. ಬೈಗುಳ ಇಲ್ಲ, ಗಲಾಟೆ ಇಲ್ಲ. ಸುಮ್ಮನೆ ಎದ್ದು ನಿಲ್ಲುದು. ಕಡೆಗೆ ಜರ್ಮನರು ಬೋರ್ಡ್ ಹಾಕಿದ್ರಂತೆ, ಸೀಟಿದ್ದೂ ನಿಂತವರನ್ನು ಕೆಳಗಿಳಿಸ್ತೇವೆ ಅಂತ.”

“ಸೀಟ್ ಛೋಡ್ ದಿಯಾ? ಪಾಗಲ್ ಥೇ ಕ್ಯಾ, ಅಜ್ಜ?” ಎಂದಳು ಹತ್ತನೇ ಕ್ಲಾಸಿನ ಮೊಮ್ಮಗಳು ಮಾನಸಿ.

“ಊಟದ ಹೊತ್ತಿಗೆ ಕನ್ನಡ,” ಎಂದಳು ಜಲಜಾಕ್ಷಿ. ಅದು ಅವಳು ಮಾಡಿದ ಕಾನೂನು.

“ಸೀಟು ಬಿಟ್ಟರಾ? ಅವರಿಗೆ ತಲೆ ಕೆಟ್ಟಿತ್ತಾ?” ಎಂದು ಮಾನಸಿ ಅದನ್ನೇ ಕನ್ನಡದಲ್ಲಿ ಹೇಳಿದಳು.

“ಅವರ ತಲೆ ಹಾಗಿರಲಿ, ನಿಮ್ಮ ಮೀನು ತಣ್ಣಗಾಗ್ತಾ ಉಂಟು,” ಎಂದು ದಮಯಂತಿ ಗಂಡನ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

ಜಲಜಾಕ್ಷಿ ಆ ದಿನ ನಗಲಿಲ್ಲ. ಕೈ ತೊಳೆದು ಬಂದು ಬ್ಯಾಗಿನಿಂದ ಒಂದು ಕಾಗದ ತೆಗೆದು ಗಂಡನ ಮುಂದಿಟ್ಟಳು. ಶಾಲೆಯ ಟ್ರಸ್ಟಿನವರು ಹನ್ನೊಂದು ಮಂದಿ ಟೀಚರುಗಳಿಗೂ ಅಂಥದ್ದೊಂದು ಕೊಟ್ಟಿದ್ದರು. ‘ಕನ್ನಡ ವಿಭಾಗಕ್ಕೆ ಮಕ್ಕಳು ಬರುತ್ತಿಲ್ಲವಾದ್ದರಿಂದ ಅದನ್ನು ಮುಚ್ಚಲು ನನ್ನ ಒಪ್ಪಿಗೆ ಇದೆ’ ಎಂದು ಟೈಪು ಮಾಡಿತ್ತು. ಕೆಳಗೆ ಸಹಿಗೆ ಗೆರೆ. ಮಾರ್ಚ್ ಹತ್ತರ ಗುರುವಾರ ಕಡೆಯ ದಿನ. ಸಹಿ ಮಾಡಿದವರಿಗೆ ಟ್ರಸ್ಟಿನದೇ ಇಂಗ್ಲಿಷ್ ಶಾಲೆಯಲ್ಲಿ ಕೆಲಸ. ಮಾಡದವರ ಬಗ್ಗೆ ಕಾಗದ ಏನೂ ಹೇಳಿರಲಿಲ್ಲ.

“ಮಕ್ಕಳು ಬರ್ತಾ ಇಲ್ಲವಾ?” ಎಂದು ದಮಯಂತಿ ಕೇಳಿದರು.

“ಇನ್ನೂರ ಹನ್ನೆರಡು ಮಕ್ಕಳು ಉಂಟು ಅತ್ತೆ. ಮುಂಬ್ರಾ, ಕಳ್ವಾ ಗುಡ್ಡದಿಂದ ನಡ್ಕೊಂಡು ಬರ್ತಾವೆ. ಗುಲ್ಬರ್ಗಾ ಕಡೆಯ ಗಾರೆ ಕೆಲಸದವರ ಮಕ್ಕಳು, ನಮ್ಮ ಹೋಟೆಲಿನವರ ಮಕ್ಕಳು. ಅವರನ್ನೆಲ್ಲ ಇಲ್ಲ ಅಂತ ಬರೀಬೇಕಂತೆ.”

ಚೆನ್ನಯನವರು ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಇಟ್ಟರು. “ಅಲ್ಲಿಯೂ ಹೀಗೇ. ಜರ್ಮನರು ಕೂರಿಸಿದ ಕೈಗೊಂಬೆ ಸರ್ಕಾರ ಮಾಸ್ತರುಗಳಿಗೆಲ್ಲ ನಮ್ಮ ಸಂಘಕ್ಕೆ ಸೇರಿ, ನಾವು ಹೇಳಿದ್ದನ್ನೇ ಮಕ್ಕಳಿಗೆ ಕಲಿಸಿ ಅಂತು. ಏನಾರನ ಅಪ್ಪ ಮಾಸ್ತರ. ಅವ, ಅವನ ಹಾಗೆ ಸಾವಿರಾರು ಜನ, ಎಲ್ಲರೂ ಒಂದೇ ಮಾತು ಬರೆದು ಕಳಿಸಿದ್ರು, ಆಗುದಿಲ್ಲ ಅಂತ. ಸರ್ಕಾರ ಎಂತ ಮಾಡಿತು ಗೊತ್ತುಂಟಾ? ಒಲೆಗೆ ಸೌದೆ ಇಲ್ಲ ಅಂತ ಹೇಳಿ ಶಾಲೆಯನ್ನೇ ಮುಚ್ಚಿತು. ನಾರ್ವೆಯಲ್ಲಿ ಸೌದೆ ಇಲ್ಲವಂತೆ! ಕಾಡೇ ಆ ದೇಶ.”

“ಅಪ್ಪ, ಇದು ನಾರ್ವೆ ಅಲ್ಲ,” ಎಂದ ವಸಂತಕುಮಾರ. “ಜಲಜ, ಸಹಿ ಹಾಕಿ ಆಚೆ ಹೋಗು. ಇಂಗ್ಲಿಷ್ ಶಾಲೆಯಲ್ಲಿ ಕೂತು ಪಾಠ ಮಾಡು. ನೀನೊಬ್ಬಳು ಹಾಕದಿದ್ರೆ ಅವರು ಮುಚ್ಚುದು ನಿಲ್ತದಾ?”

“ಸುಳ್ಳಿಗೆ ನಾನು ಯಾಕೆ ಸಹಿ ಹಾಕ್ಬೇಕು?”

“ಕನ್ನಡದ ಮೇಲೆ ಅಷ್ಟು ಪ್ರೀತಿ ಇದ್ರೆ ಇವಳನ್ನು ಯಾಕೆ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದು?”

ಮಾನಸಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಜಲಜಾಕ್ಷಿಗೆ ಮುಖಕ್ಕೆ ಹೊಡೆದಂತಾಯಿತು, ಏಕೆಂದರೆ ಮಾತು ನಿಜ. ಅವಳು ಕಾಗದವನ್ನು ಮಡಚಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಪಾತ್ರೆ ತಿಕ್ಕಲು ನಿಂತಳು. ಆ ದಿನ ಅವಳು ತಿಕ್ಕಿದ ಸದ್ದು ಕೆಳಗಿನ ಮಹಡಿಗೂ ಕೇಳಿಸಿರಬೇಕು.

ಆಮೇಲಿನ ಎರಡು ವಾರ ಮನೆಯಲ್ಲಿ ಉಪ್ಪು ಹೆಚ್ಚಾದರೂ ಜಗಳ, ಕಡಿಮೆಯಾದರೂ ಜಗಳ. ದಮಯಂತಿಯವರು ಮಗನ ಪಕ್ಷವೂ ಅಲ್ಲ, ಸೊಸೆಯ ಪಕ್ಷವೂ ಅಲ್ಲ. “ನನಗೆ ಎರಡು ಹೊತ್ತು ಗಂಜಿ ಬೇಯಬೇಕು, ಅಷ್ಟೇ,” ಎನ್ನುತ್ತಿದ್ದರು. ಆದರೆ ಸೊಸೆ ಬೆಳಿಗ್ಗೆ ಹೊರಡುವ ಮೊದಲು ಎದ್ದು ನೀರುದೋಸೆ ಹೊಯ್ದು ಡಬ್ಬಿಗೆ ಹಾಕುವುದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ.

ಮಾರ್ಚ್ ಐದು, ಶನಿವಾರ. ಆ ಮನೆಯಲ್ಲಿ ತಿಂಗಳಿಗೊಮ್ಮೆ ಸಂಜೆ ಭಜನೆ ನಡೆಯುವುದು ವಾಡಿಕೆ. ಈ ಸಲ ಹತ್ತು ಮಂದಿ ಟೀಚರುಗಳು ಬಂದರು. ಶಾಲೆಯಲ್ಲಿ ನಾಲ್ಕು ಜನ ಒಟ್ಟಿಗೆ ನಿಂತರೆ ಟ್ರಸ್ಟಿನ ಸೆಕ್ರೆಟರಿ ರಘುಪತಿಯವರ ಕಿವಿ ನೆಟ್ಟಗಾಗುತ್ತಿತ್ತು; ಭಜನೆಗೆ ಕೂಡಬೇಡಿ ಎನ್ನಲು ಅವರಿಗೂ ಬಾಯಿಯಿಲ್ಲ. ಎರಡು ಭಜನೆ ಹೇಳಿ, ಮಂಗಳಾರತಿ ಎತ್ತಿ, ಕಡಲೆ ಉಸಲಿಯ ತಟ್ಟೆ ಕೈಗೆ ಬಂದಮೇಲೆ ಮಾತು ಶುರುವಾಯಿತು.

ಎಲ್ಲರಿಗಿಂತ ಹಿರಿಯರು ಕಲ್ಯಾಣದ ರಮಾಮಣಿ ಟೀಚರ್. ನಿವೃತ್ತಿಗೆ ಎರಡೇ ವರ್ಷ. “ಒಬ್ಬರು ಮುಂದೆ ಹೋದ್ರೆ ಆ ಒಬ್ಬರ ತಲೆಗೆ ಏಟು. ಲೀಡರ್ ಯಾರು ಅಂತ ಅವರು ಹುಡುಕ್ತಾರೆ,” ಎಂದರು.

ಬಾಗಿಲ ಬಳಿ ಕುಳಿತಿದ್ದ ಚೆನ್ನಯನವರು ಕೆಮ್ಮಿದರು. “ಲೀಡರ್ ಇರಬಾರದು ಟೀಚರೇ. ಎಲ್ಲರದ್ದೂ ಒಂದೇ ಮಾತು, ಎಲ್ಲರೂ ಒಂದೇ ದಿನ. ಅಲ್ಲಿ ಹಾಗೇ ಮಾಡಿದ್ದು.” ಆಮೇಲೆ ಬೇಡವೆಂದರೂ ಟ್ರಾಮಿನ ಕಥೆಯನ್ನೂ ಹೇಳಿದರು. ಡೊಂಬಿವಲಿ, ಕಲ್ಯಾಣ, ಕಳ್ವಾಗಳಿಂದ ದಿನವೂ ನೇತಾಡಿಕೊಂಡು ಬರುವ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಸೀಟಿದ್ದೂ ನಿಲ್ಲುವುದಂತೆ!

ನಕ್ಕರೂ ಮಾತು ಹಿಡಿಸಿತು. ಹತ್ತನೇ ತಾರೀಕು ಹನ್ನೊಂದು ಮಂದಿಯೂ ಟ್ರಸ್ಟಿನ ಕಾಗದವನ್ನು ಹಾಗೇ ಬಿಟ್ಟು, ತಮ್ಮ ಕೈಯಲ್ಲೇ ಬರೆದ ಇನ್ನೊಂದನ್ನು ಕೊಡುವುದೆಂದು ನಿಶ್ಚಯವಾಯಿತು. ಅದರಲ್ಲಿ ಎರಡೇ ವಾಕ್ಯ: ‘ನಮ್ಮ ಶಾಲೆಯಲ್ಲಿ ಇನ್ನೂರ ಹನ್ನೆರಡು ಮಕ್ಕಳಿದ್ದಾರೆ. ಇಲ್ಲ ಎಂದು ನಾನು ಬರೆಯಲಾರೆ.’ ದೇವರ ದೀಪದ ಮುಂದೆ ಒಬ್ಬೊಬ್ಬರೂ ಅದನ್ನು ಬಾಯಿಬಿಟ್ಟು ಹೇಳಿದರು.

ಇಲ್ಲಿ ಆ ಮನೆಯ ಒಂದು ಅಭ್ಯಾಸವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿ ಎಲ್ಲರ ಸಹಿಯನ್ನೂ ವಸಂತಕುಮಾರನೇ ಹಾಕುವುದು. ಮಗಳ ಪ್ರಗತಿಪತ್ರ, ತಾಯಿಯ ರೇಷನ್ ಫಾರ್ಮು, ಜಲಜಾಕ್ಷಿಯ ರಜೆ ಅರ್ಜಿ, ಎಲ್ಲ. ಕಾಗದ ಬಂದಾಗಲೆಲ್ಲ ಅವಳು ಒಲೆಯ ಮುಂದೋ ನಲ್ಲಿಯ ಕೆಳಗೋ ಇರುತ್ತಿದ್ದಳು. “ಕೈ ಒದ್ದೆ ಉಂಟು, ನೀವೇ ಹಾಕಿಬಿಡಿ,” ಎನ್ನುತ್ತಿದ್ದಳು. ಹಾಕಿ ಹಾಕಿ ಅವನಿಗೆ ಅವಳ ಸಹಿ ಅವಳಿಗಿಂತ ಚೆನ್ನಾಗಿ ಕೂಡಿಬರುತ್ತಿತ್ತು. ಅದೊಂದು ಮನೆಯ ತಮಾಷೆಯಾಗಿತ್ತು.

ಮಾರ್ಚ್ ಒಂಬತ್ತು, ಬುಧವಾರ, ವಸಂತಕುಮಾರನ ರಜೆ. ಶಾಲೆ ಬಿಟ್ಟು ಜಲಜಾಕ್ಷಿ ರಮಾಮಣಿಯವರೊಂದಿಗೆ ಗೇಟಿನ ಬಳಿ ಬಂದಾಗ ಅದನ್ನು ಕಾಯುವ ಶಾಲೆಯ ಸಿಪಾಯಿ ಚಂದ್ರಾಮ ಎದುರಾದ. ಗುಲ್ಬರ್ಗಾ ಕಡೆಯವನು, ಅವನ ಎರಡು ಮಕ್ಕಳೂ ಅದೇ ಶಾಲೆಯಲ್ಲಿದ್ದವು. ಅವನ ಮುಖ ಸಣ್ಣಗಾಗಿತ್ತು.

“ಟೀಚರ್ರೀ, ನಿಮ್ಮ ಯಜಮಾನ್ರು ಮುಂಜಾನಿ ಬಂದಿದ್ರು. ನಿಮ್ಮ ಕಾಗದ ಆಫೀಸಿಗೆ ಕೊಟ್ಟು ಹೋದ್ರು. ಸಹಿ ಮಾಡಿದ್ದೇ ಅದ.” ಸ್ವಲ್ಪ ತಡೆದು ಕೇಳಿದ, “ನೀವೂ ಒಪ್ಪಿಕೊಂಡ್ರೇನ್ರಿ?”

ರಮಾಮಣಿ ಟೀಚರ್ ಜಲಜಾಕ್ಷಿಯನ್ನು ತಲೆಯಿಂದ ಕಾಲವರೆಗೆ ನೋಡಿದರು. “ಹನ್ನೊಂದರಲ್ಲಿ ಒಂದೇ ಒಂದು ಹೋಗಿದೆ. ಅದೂ ನಿಮ್ಮದು. ದೀಪ ಹಚ್ಚಿದ ಮನೆಯದ್ದು,” ಎಂದಷ್ಟೇ ಹೇಳಿ, ಹದಿನೇಳು ವರ್ಷಗಳಲ್ಲಿ ಮೊದಲ ಬಾರಿಗೆ ಒಬ್ಬರೇ ಸ್ಟೇಷನ್ನಿಗೆ ನಡೆದರು.

ಮನೆಗೆ ಬಂದರೆ ವಸಂತಕುಮಾರ ಖುದ್ದಾಗಿ ಮೀನು ಹುರಿದು, ಊಟಕ್ಕೆ ತಟ್ಟೆ ಹಾಕಿಟ್ಟಿದ್ದ.

“ನನ್ನ ಹೆಸರು ಹಾಕ್ಲಿಕ್ಕೆ ನಿಮಗೆ ಯಾರು ಹೇಳಿದ್ದು?” ಜಲಜಾಕ್ಷಿ ಬ್ಯಾಗು ಇಳಿಸದೆಯೇ ಕೇಳಿದಳು.

“ಯಾವಾಗ್ಲೂ ಹಾಕುದು ನಾನೇ ಅಲ್ವಾ?”

“ಇದು ರೇಷನ್ ಫಾರ್ಮಾ?”

“ನಿನ್ನ ಒಳ್ಳೇದಕ್ಕೇ ಹಾಕಿದ್ದು ಮಾರಾಯ್ತಿ! ಇಬ್ಬರು ದುಡಿದ್ರೆ ಈ ಮನೆ ನಡೀತದೆ. ಜೂನಲ್ಲಿ ಇವಳಿಗೆ ಕಾಲೇಜು. ನೀನು ಹಟ ಹಿಡಿದು ಬೀದಿಗೆ ಬಿದ್ರೆ ಎತ್ತುದು ಯಾರು? ಆ ರಮಾಮಣಿಯವರಾ?”

“ಬೀದಿಗೆ ಬಿದ್ರೂ ನನ್ನ ಹೆಸರು ನನ್ನ ಹತ್ರ ಇರ್ತಿತ್ತು. ಈಗ ಅದೂ ಇಲ್ಲ.”

“ಮಮ್ಮಿ ಸರಿ ಹೇಳ್ತಿದ್ದಾಳೆ ಪಪ್ಪ,” ಎಂದಳು ಮಾನಸಿ. ಯಾರೂ ಹೇಳದೆಯೇ ಅವಳು ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

ವಸಂತಕುಮಾರ ಕೆರಳಿ ತಂದೆಯ ಕಡೆ ತಿರುಗಿದ. “ಎಲ್ಲ ನಿಮ್ಮಿಂದ ಆದದ್ದು ಅಪ್ಪ! ನಾರ್ವೆ, ನಾರ್ವೆ, ನಾರ್ವೆ! ಅಷ್ಟು ವರ್ಷ ಹಡಗಲ್ಲಿ ಇದ್ರಲ್ಲ, ನೀವು ಒಂದು ದಿನವಾದ್ರೂ ಯಾರಿಗಾದ್ರೂ ಆಗುದಿಲ್ಲ ಅಂತ ಹೇಳಿದ್ದುಂಟಾ?”

ಚೆನ್ನಯನವರು ಕಲಸುತ್ತಿದ್ದ ಅನ್ನದಿಂದ ಕೈ ತೆಗೆದರು.

“ಇಲ್ಲ,” ಎಂದರು. “ಒಂದು ಸಲ ಹಡಗಿನ ತಣ್ಣನೆ ಕೋಣೆ ಕೆಟ್ಟು ಮಾಂಸ ಹಾಳಾಯ್ತು. ಬಿಸಾಡ್ಲಿಕ್ಕೆ ಕ್ಯಾಪ್ಟನ್ ಬಿಡ್ಲಿಲ್ಲ. ಮಾಂಸ ಚೆನ್ನಾಗಿದೆ ಅಂತ ಬರೆದು ಸಹಿ ಹಾಕಿ ಅಂದ. ಏನಾರ್ ಹಾಕ್ಲಿಲ್ಲ. ಅಡುಗೆಯವನದ್ದೇ ಸಾಕು ಅಂದ್ರು. ನಾನು ಹಾಕಿದೆ. ನೀನು ಆಗ ಎರಡನೇ ಕ್ಲಾಸು. ಕೆಲಸ ಹೋದ್ರೆ ಅಂತ ಹೆದರಿಕೆ. ಅದನ್ನು ತಿಂದು ಒಂಬತ್ತು ಜನ ಮಲಗಿದ್ರು. ಒಬ್ಬ ಸಾಯ್ಲಿಕ್ಕೆ ಬಿದ್ದು ಬದುಕಿದ.”

“ನನಗೆ ನೀವು ಇದು ಹೇಳ್ಲೇ ಇಲ್ಲ,” ಎಂದರು ದಮಯಂತಿ.

“ಎಂತ ಹೇಳುದು? ಏನಾರ್ ಮೂರು ತಿಂಗಳು ನನ್ನ ಹತ್ರ ಮಾತಾಡ್ಲಿಲ್ಲ. ಕಡೆಗೆ ಒಂದು ದಿನ ಹೇಳಿದ, ಸಹಿ ಹಾಕುದಿಲ್ಲ ಅಂದದ್ದಕ್ಕೆ ನನ್ನ ಅಪ್ಪನನ್ನು ದೇಶದ ತುತ್ತತುದಿಗೆ ಒಯ್ದು ಎಂಟು ತಿಂಗಳು ಹಿಮದಲ್ಲಿ ಮೂಟೆ ಹೊರಿಸಿದ್ರು, ಆಗಲೂ ಅವ ಹಾಕ್ಲಿಲ್ಲ. ನೀನು ಅರ್ಧ ನಿಮಿಷವೂ ತಗೊಳ್ಲಿಲ್ಲ ಅಂತ. ಅವನ ಅಮ್ಮ ಅಷ್ಟು ತಿಂಗಳು ಊರ ಮಕ್ಕಳನ್ನು ಅಡುಗೆಮನೆಯಲ್ಲಿ ಕೂರಿಸಿ ಪಾಠ ಹೇಳಿದಳಂತೆ. ಹಿತ್ತಿಲ ಹೂವೆಲ್ಲ ಕಿತ್ತು ಬಟಾಟೆ ನೆಟ್ಟಳಂತೆ. ನಾನು ಆ ಕಥೆ ಜಂಭಕ್ಕೆ ಹೇಳುದಲ್ಲ ವಸಂತ. ನನ್ನ ಕೈಯಲ್ಲಿ ಆಗದ್ದು ಅಂತ ಹೇಳುದು.”

ದಮಯಂತಿಯವರೇ ಮೊದಲು ಎದ್ದರು. ಸೊಸೆಯ ಹೆಗಲಿನಿಂದ ಬ್ಯಾಗು ಇಳಿಸಿ ಹೇಳಿದರು: “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರುದಿಲ್ಲ ಅಂತಾರೆ. ನೀನು ಹೋಗಿ ಕೇಳಿ ನೋಡು. ಆನೆ ಕೊಡ್ಲಿಕ್ಕೆ ನಮ್ಮಲ್ಲಿ ಇಲ್ಲ, ಬಾಯಿ ಉಂಟಲ್ವಾ?”

ಮರುದಿನ ಗುರುವಾರ ಶಾಲೆ ಬಿಟ್ಟಮೇಲೆ ಸೆಕ್ರೆಟರಿ ರಘುಪತಿಯವರು ಟೀಚರುಗಳನ್ನು ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮುಂದೆ ಹನ್ನೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು. ಬೆಳಿಗ್ಗೆ ಆರು ಗಂಟೆಯಿಂದ ನಿಂತೇ ಇದ್ದ ಹೆಂಗಸರು; ಹತ್ತು ಮಂದಿ ಕಂಡ ಕೂಡಲೇ ಕುಳಿತರು. ರಮಾಮಣಿಯವರ ಪಕ್ಕದ ಕುರ್ಚಿ ಖಾಲಿ ಉಳಿಯಿತು. ಅವರು ಮುಖ ಆಚೆ ತಿರುಗಿಸಿಕೊಂಡಿದ್ದರು.

ಜಲಜಾಕ್ಷಿಯ ಕಾಲು ಬೆಳಗಿನಿಂದ ನೋಯುತ್ತಿತ್ತು. ಆ ಕುರ್ಚಿಯನ್ನೊಮ್ಮೆ ನೋಡಿದಳು. ಆಮೇಲೆ ಅದರ ಬೆನ್ನು ಹಿಡಿದು ನಿಂತುಕೊಂಡಳು.

“ಕೂತ್ಕೊಳ್ಳಿ ಮೇಡಂ,” ಎಂದರು ರಘುಪತಿ ನಗುತ್ತಾ. “ನಿಮ್ಮದು ನಿನ್ನೆಯೇ ಬಂದಿದೆ. ನೀವೇ ಎಲ್ಲರಿಗೂ ಬುದ್ಧಿ ಹೇಳಬೇಕು.”

“ಅದು ನನ್ನ ಸಹಿ ಅಲ್ಲ ಸರ್.”

“ಅಂದ್ರೆ?”

“ನನ್ನ ಗಂಡ ಹಾಕಿದ್ದು. ನಮ್ಮ ಮನೆಯಲ್ಲಿ ನನ್ನ ಸಹಿ ಅವರೇ ಹಾಕುದು. ಹದಿನೇಳು ವರ್ಷ ನನ್ನ ರಜೆ ಅರ್ಜಿಗೆಲ್ಲ ಅವರೇ ಹಾಕಿದ್ದು. ಕೈ ಒದ್ದೆ ಅಂತ ನಾನೇ ಬಿಟ್ಟುಕೊಟ್ಟದ್ದು. ತಪ್ಪು ಅವರದ್ದಕ್ಕಿಂತ ಹೆಚ್ಚು ನನ್ನದು. ಆ ಕಾಗದ ವಾಪಸ್ ಕೊಡಿ.”

ಯಾರೋ ಕಿಸಕ್ಕೆಂದರು. ಮನೆಯ ಗುಟ್ಟನ್ನು ಹತ್ತು ಜನರ ಎದುರು ಹರವಿದ ನಾಚಿಕೆಯಿಂದ ಜಲಜಾಕ್ಷಿಯ ಕಿವಿ ಬಿಸಿಯಾಗಿತ್ತು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು?

“ಕೊಟ್ಟದ್ದನ್ನು ವಾಪಸ್ ಕೊಡಲಿಕ್ಕೆ ಬರುವುದಿಲ್ಲ. ಮೊದಲು ಕೂತ್ಕೊಂಡು ಮಾತಾಡಿ,” ಎಂದರು ರಘುಪತಿ. ನಗು ಹೋಗಿತ್ತು.

“ಕೂರುದಿಲ್ಲ ಸರ್.”

ರಮಾಮಣಿ ಟೀಚರ್ ತಲೆ ಎತ್ತಿ ಅವಳನ್ನು ನೋಡಿದರು. ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ನೋಯುವ ಮಂಡಿಯ ಮೇಲೆ ಕೈಯೂರಿ, “ಅಮ್ಮಾ,” ಎನ್ನುತ್ತಾ ಎದ್ದು ನಿಂತರು. ಅವರ ಹಿಂದೆ ಒಂದು ಕುರ್ಚಿ ಕಿರುಗುಟ್ಟಿತು, ಇನ್ನೊಂದು, ಮತ್ತೊಂದು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹನ್ನೊಂದು ಕುರ್ಚಿಗಳೂ ಖಾಲಿ. ಕೋಣೆಯಲ್ಲಿ ಕುಳಿತವರು ರಘುಪತಿ ಒಬ್ಬರೇ.

“ಇದೇನು ನಾಟಕ? ಕೂತ್ಕೊಳ್ಳಿ ಎಲ್ಲರೂ!”

ಯಾರೂ ಕೂರಲಿಲ್ಲ. ನಿಂತುಕೊಂಡೇ ಒಬ್ಬೊಬ್ಬರಾಗಿ ಬ್ಯಾಗು ತೆರೆದು ತಮ್ಮ ತಮ್ಮ ಕಾಗದವನ್ನು ಮೇಜಿನ ಮೇಲಿಟ್ಟರು. ಜಲಜಾಕ್ಷಿ ತನ್ನ ಕಾಗದಕ್ಕೆ ಒಂದು ವಾಕ್ಯ ಹೆಚ್ಚು ಸೇರಿಸಿದ್ದಳು: ‘ನಿನ್ನೆ ಬಂದ ಸಹಿ ನನ್ನದಲ್ಲ.’ ಅಲ್ಲೇ, ಎಲ್ಲರ ಎದುರು, ನಿಂತುಕೊಂಡೇ ಅದಕ್ಕೆ ಸಹಿ ಹಾಕಿದಳು. ಅಭ್ಯಾಸ ತಪ್ಪಿದ ಸಹಿ, ವಕ್ರವಾಗಿಯೇ ಬಂತು.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ರಮಾಮಣಿಯವರು ಅವಳ ತೋಳು ಹಿಡಿದುಕೊಂಡಿದ್ದರು. ಕಲ್ಯಾಣದ ಗಾಡಿಯಲ್ಲಿ ಎರಡು ಸೀಟು ಸಿಕ್ಕಿದವು. ಇಬ್ಬರೂ ಥಟ್ಟನೆ ಕುಳಿತು, ಒಬ್ಬರ ಮುಖ ಒಬ್ಬರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಾಲ್ಕು ವಾರ ಕಳೆಯಿತು. ಯುಗಾದಿ ಬಂದು ಹೋಯಿತು. ಮಕ್ಕಳ ಹೆಸರು ತೆಗೆಸಿ ಎಂದು ಟ್ರಸ್ಟಿನವರು ಪಾಲಕರಿಗೆ ಹೇಳಿಕಳಿಸಿದರೆ ಒಬ್ಬರೂ ಬರಲಿಲ್ಲ. ವಸಂತಕುಮಾರ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಬುಧವಾರಗಳಲ್ಲಿ ಮೀನು ತರುತ್ತಿದ್ದ, ಹುರಿಯುತ್ತಿದ್ದ, ಬಡಿಸುತ್ತಿದ್ದ. ತಪ್ಪಾಯಿತು ಎಂಬ ಮಾತು ಮಾತ್ರ ಅವನ ಬಾಯಿಂದ ಬಂದಿರಲಿಲ್ಲ. ಜಲಜಾಕ್ಷಿಗೂ ಅದನ್ನು ಕೇಳದೆ ಸಮಾಧಾನವಿರಲಿಲ್ಲ.

ಏಪ್ರಿಲ್ ಆರು, ಬುಧವಾರ ಸಂಜೆ. ಚಂದ್ರಾಮ ಡೊಂಬಿವಲಿಯ ತನಕ ಬಂದು ಬಾಗಿಲು ತಟ್ಟಿದ. ಕೈಯಲ್ಲಿ ಲಕೋಟೆ, ಕಂಕುಳಲ್ಲಿ ಟಪಾಲು ಪುಸ್ತಕ. ಹನ್ನೊಂದು ಮಂದಿಗೂ ಸಸ್ಪೆಂಡ್ ನೋಟೀಸು. ನಾಳೆಯಿಂದ ಶಾಲೆಯೊಳಗೆ ಕಾಲಿಡಕೂಡದು.

“ಪುಸ್ತಕದಾಗ ಸಹಿ ಬೇಕ್ರಿ, ಮುಟ್ಟಿತು ಅಂತ,” ಎಂದ ಚಂದ್ರಾಮ ತಲೆ ತಗ್ಗಿಸಿ.

ಜಲಜಾಕ್ಷಿ ದೋಸೆಗೆ ಅಕ್ಕಿ ತೊಳೆಯುತ್ತಿದ್ದಳು. ಬಾಗಿಲಲ್ಲಿದ್ದ ವಸಂತಕುಮಾರ ಅಭ್ಯಾಸಬಲದಿಂದ ಪುಸ್ತಕ ತೆಗೆದುಕೊಂಡ, ಪೆನ್ನು ಬಿಚ್ಚಿದ, ಅವಳ ಹೆಸರಿನ ಮುಂದೆ ಅದನ್ನು ಊರಿಯೇ ಬಿಟ್ಟ. ಅಲ್ಲೇ ಅವನ ಕೈ ನಿಂತಿತು. ಅಡುಗೆಮನೆಗೆ ಬಂದು ಪುಸ್ತಕವನ್ನೂ ಪೆನ್ನನ್ನೂ ಅವಳ ಮುಂದೆ ಹಿಡಿದ.

“ನೀನೇ ಹಾಕು.”

“ಕೈ ಒದ್ದೆ ಉಂಟು,” ಎಂದಳು ಅವಳು, ಅವನ ಮುಖ ನೋಡುತ್ತಾ, ಬಾಗಿಲಲ್ಲಿ ನಿಂತ ಚಂದ್ರಾಮನಿಗೂ ಕೇಳುವಷ್ಟು ಗಟ್ಟಿಯಾಗಿ.

ವಸಂತಕುಮಾರ ಹೆಗಲ ಮೇಲಿದ್ದ ಟವೆಲನ್ನು ಅವಳತ್ತ ಚಾಚಿದ. “ಒರೆಸ್ಕೋ. ನಾನು ಕಾಯ್ತೇನೆ.”

ಜಲಜಾಕ್ಷಿಗೆ ಕೇಳಬೇಕಾಗಿದ್ದ ಮಾತು ಅದೇ. ಒಂದೊಂದೇ ಬೆರಳು ಒರೆಸಿಕೊಂಡು, ಪುಸ್ತಕದಲ್ಲಿ ‘ಮುಟ್ಟಿದೆ, ಒಪ್ಪಿಗೆ ಇಲ್ಲ’ ಎಂದು ಬರೆದು, ಕೆಳಗೆ ಸಹಿ ಹಾಕಿದಳು. ಈ ಸಲ ನೆಟ್ಟಗೆ ಬಂತು.

ದಮಯಂತಿಯವರು ಚಂದ್ರಾಮನಿಗೆ ಚಹಾ ಕೊಟ್ಟರು. ಚೆನ್ನಯನವರು ಬಾಲ್ಕನಿಯಿಂದ ಬಂದು ಅವನ ಪಕ್ಕ ಕುಳಿತರು.

“ನಾಳೆ ನಾಲ್ಕನೇ ಕ್ಲಾಸಿಗೆ ಗಣಿತ ಪರೀಕ್ಷೆ ಉಂಟು ಚಂದ್ರಾಮ,” ಎಂದಳು ಜಲಜಾಕ್ಷಿ. “ನಾನು ಯಾವಾಗಿನ ಹಾಗೆ ಬರ್ತೇನೆ. ರಮಾಮಣಿ ಟೀಚರೂ ಬರ್ತಾರೆ. ಎಲ್ಲರೂ ಬರ್ತಾರೆ.”

“ಗೇಟು?” ಎಂದರು ದಮಯಂತಿ.

ಚಂದ್ರಾಮ ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ ಇನ್ನೊಂದು ಕಾಗದ ತೆಗೆದ. “ನನಗೂ ಒಂದು ಕೊಟ್ಟಾರ್ರಿ ಅಮ್ಮಾರ. ಇವರು ಬಂದ್ರ ಗೇಟು ತೆಗಿಯಂಗಿಲ್ಲ ಅಂತ ಸಹಿ ಮಾಡಿ ಕೊಡಬೇಕಂತ.”

“ಮಾಡಿದ್ಯಾ?” ಎಂದು ಚೆನ್ನಯನವರು ಕೇಳಿದರು.

ಚಂದ್ರಾಮ ಚಹಾದ ಲೋಟ ಕೆಳಗಿಟ್ಟು, ಒಣಗಿದ ತನ್ನ ಎರಡೂ ಅಂಗೈಗಳನ್ನು ಎಲ್ಲರ ಮುಂದೆ ಬಿಚ್ಚಿ ಹಿಡಿದ.

“ಹ್ಯಾಂಗ ಮಾಡ್ಲಿ ಯಜಮಾನ್ರ? ನನ್ನ ಕೈನೂ ಒದ್ದಿ ಅದ,” ಎಂದ. “ಏಳಕ್ಕ ಗೇಟು ತೆಗೆದಿರ್ತದ. ಬರ್ರಿ ಟೀಚರ್.”